ಆ್ಯಪ್ ಕಟ್ಟುವ ಮೊದಲು ಛತ್ರದ ಡೈರಿ ನೋಡಿ

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ: ಮೈಸೂರಿನ ಕಲ್ಯಾಣ ಮಂಟಪಗಳನ್ನು ಮೊಬೈಲಿನಲ್ಲೇ ಬುಕ್ ಮಾಡುವ ಆ್ಯಪ್ ಮಾಡಲು ನೀವೂ ನಿಮ್ಮ ಗೆಳೆಯರೂ ಹೊರಟಿದ್ದೀರಿ; ವಿಚಾರಿಸಿದ ಛತ್ರದವರೆಲ್ಲರೂ ಒಳ್ಳೆಯ ಯೋಚನೆ ಎಂದಿದ್ದಾರೆ; ಕಡಿಮೆ ಖರ್ಚಿನಲ್ಲಿ ಪರೀಕ್ಷಿಸಿ ನೋಡುತ್ತ ಮುಂದುವರಿಯುವ ಲೀನ್ ವಿಧಾನದ ಪ್ರಕಾರ ಮೊದಲ ಆವೃತ್ತಿಯಲ್ಲಿ ಏನೇನಿರಬೇಕು ಎಂಬುದು ನಿಮ್ಮ ಸಂದೇಹ. ಸಣ್ಣ ವ್ಯಾಪಾರಿಗಳಿಗೆ ತಂತ್ರಾಂಶ ಮಾಡಿಕೊಡುವ ಕೆಲಸದಲ್ಲಿ ಕೆಲವು ವರ್ಷ ಇದ್ದವನಾಗಿ ಹೇಳುವುದಾದರೆ, ನಿಮ್ಮ ಮೊದಲ ಆವೃತ್ತಿಗೆ ಆ್ಯಪ್ ಬೇಕಾಗಿಯೇ ಇಲ್ಲ.

ಟೊಯೋಟಾ ಕಾರ್ಖಾನೆಗಳು ಉತ್ಪಾದನೆಯಲ್ಲಿ ಪೋಲಾಗುವುದನ್ನು ಹುಡುಕಿ ತೆಗೆಯಲು ರೂಢಿಸಿಕೊಂಡ ಪದ್ಧತಿಯನ್ನು ಅಮೆರಿಕದ ಎರಿಕ್ ರೀಸ್ 2008ರ ಸುಮಾರಿಗೆ ಸ್ಟಾರ್ಟಪ್‌ಗಳಿಗೆ ಅನ್ವಯಿಸಿ ಬರೆಯತೊಡಗಿದರು; ಲೀನ್ ವಿಧಾನವೆಂದರೆ ಇದೇ. ಯಾರಿಗೂ ಬೇಡದ ವಸ್ತುವನ್ನು ಅಚ್ಚುಕಟ್ಟಾಗಿ ಕಟ್ಟುವುದೇ ಎಲ್ಲಕ್ಕಿಂತ ದೊಡ್ಡ ಪೋಲು ಎಂಬುದು ಅವರ ವಾದದ ತಿರುಳು. ನಿಮಗೆ ಹತ್ತಿರದ ಉದಾಹರಣೆ ಬೆಂಗಳೂರಿನಲ್ಲೇ ಇದೆ. 2006ರಲ್ಲಿ ಫಣೀಂದ್ರ ಸಾಮಾ ಮತ್ತು ಗೆಳೆಯರು ರೆಡ್‌ಬಸ್ ಆರಂಭಿಸಿದಾಗ ಅವರ ಮೊದಲ ಯೋಚನೆ ಬಸ್ ಮಾಲೀಕರಿಗೆ ಸೀಟು ನಿರ್ವಹಣೆಯ ತಂತ್ರಾಂಶ ಒದಗಿಸುವುದಾಗಿತ್ತು. ಮಾಲೀಕರಿಗೆ ಅದರಲ್ಲಿ ಆಸಕ್ತಿ ಹುಟ್ಟಲಿಲ್ಲ. ಅವರಿಗೆ ಬೇಕಿದ್ದದ್ದು ತಂತ್ರಾಂಶವಲ್ಲ, ಪ್ರಯಾಣಿಕರು. ಆಗ ಗೆಳೆಯರು ಕೆಲವೇ ಸೀಟುಗಳನ್ನು ಕೇಳಿ ಪಡೆದು, ಅವನ್ನು ತಾವೇ ಮಾರಿ ತೋರಿಸಿದರು. ಬಸ್ಸಿನ ಜಾಗದಲ್ಲಿ ಛತ್ರವನ್ನೂ ಸೀಟಿನ ಜಾಗದಲ್ಲಿ ಮುಹೂರ್ತದ ದಿನವನ್ನೂ ಇಟ್ಟರೆ ನೀವು ಮಾಡಬೇಕಾದುದು ಬಹುಮಟ್ಟಿಗೆ ಅದೇ.

ಛತ್ರದವರ ಹೊಗಳಿಕೆಯನ್ನು ದಯವಿಟ್ಟು ಲೆಕ್ಕಕ್ಕೆ ಹಿಡಿಯಬೇಡಿ. ಮನೆಬಾಗಿಲಿಗೆ ಬಂದ ಹುಡುಗರ ಉತ್ಸಾಹಕ್ಕೆ ತಣ್ಣೀರೆರಚುವ ಅಭ್ಯಾಸ ನಮ್ಮವರಿಗಿಲ್ಲ. 'ಮಾಡಿ ಸಾರ್, ಒಳ್ಳೆಯದಾಗುತ್ತದೆ' ಎಂದು ಕಾಫಿ ತರಿಸುತ್ತಾರೆ, ಅಷ್ಟೇ. 'ನಮ್ಮ ಆ್ಯಪ್ ಬಂದರೆ ಬಳಸುತ್ತೀರಾ' ಎಂಬ ಪ್ರಶ್ನೆಯನ್ನೇ ಕೈಬಿಟ್ಟು, ಆಗಿಹೋದ ಸಂಗತಿಗಳನ್ನು ಕೇಳಿ: ಕಳೆದ ವೈಶಾಖದಲ್ಲಿ ಯಾವ ದಿನಗಳು ಖಾಲಿ ಉಳಿದವು, ವಿಚಾರಿಸಿ ಹೋದವರು ಏಕೆ ಹಿಂದಿರುಗಲಿಲ್ಲ, ಮದುವೆ ಮುರಿದುಬಿದ್ದಾಗ ಅಡ್ವಾನ್ಸ್ ಏನಾಯಿತು. ಸಾಧ್ಯವಾದರೆ ಮ್ಯಾನೇಜರ್ ಪಕ್ಕದಲ್ಲಿ ಅರ್ಧ ದಿನ ಕುಳಿತು ಅವರ ಬುಕಿಂಗ್ ಡೈರಿಯನ್ನು ನೋಡಿ. ನಾನು ನೋಡಿದ ಒಂದು ಛತ್ರದಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ಹೆಸರು ಬರಿಯ ಮಾತು, ಪೆನ್ನಿನಲ್ಲಿ ಬರೆದದ್ದು ಅಡ್ವಾನ್ಸ್ ಬಂದದ್ದು. ಟ್ರಸ್ಟಿಗಳ ಕಡೆಯವರಿಗೆಂದು ಕೆಲವು ಒಳ್ಳೆಯ ಮುಹೂರ್ತಗಳನ್ನು ಏನೂ ಬರೆಯದೆ ಮೂಲೆ ಮಡಚಿ ಹಾಗೆಯೇ ಬಿಟ್ಟಿದ್ದರು. ಆ ಮಡಚಿದ ಪುಟಗಳು ನಿಮ್ಮ ಆ್ಯಪಿನ ಕ್ಯಾಲೆಂಡರಿನಲ್ಲಿ ಖಾಲಿ ದಿನಗಳಾಗಿ ಕಾಣುತ್ತವೆ, ಗ್ರಾಹಕರು ಹಣ ಕಟ್ಟುತ್ತಾರೆ, ಮರುದಿನ ಮ್ಯಾನೇಜರ್ ಫೋನ್ ಮಾಡಿ ಆಗುವುದಿಲ್ಲ ಎನ್ನುತ್ತಾರೆ. ಇಂತಹ ತೊಡಕನ್ನು ಯಾವ ಸಮೀಕ್ಷೆಯ ನಮೂನೆಯೂ ನಿಮಗೆ ತಿಳಿಸಲಾರದು.

ಇದಾದ ಬಳಿಕ ಕೈಯಿಂದಲೇ ನಡೆಸುವ ಒಂದು ಪ್ರಯೋಗಕ್ಕೆ ಇಳಿಯಿರಿ. ಒಪ್ಪುವ ಐದಾರು ಛತ್ರಗಳ ಫೋಟೊ, ಬಾಡಿಗೆ, ಊಟದ ಹಾಲಿನಲ್ಲಿ ಒಂದು ಪಂಕ್ತಿಗೆ ಎಷ್ಟು ಜನ ಕೂರಬಹುದು, ಹೊರಗಿನ ಅಡುಗೆಯವರಿಗೆ ಅವಕಾಶವಿದೆಯೇ ಎಂಬ ವಿವರಗಳನ್ನು ಒಂದು ಪುಟದಲ್ಲಿ ಹಾಕಿ, ಕೆಳಗೆ ವಾಟ್ಸ್‌ಆ್ಯಪ್ ಸಂಖ್ಯೆ ಕೊಟ್ಟರೆ ಸಾಕು. ವಿಚಾರಣೆ ಬಂದಾಗ ನೀವೇ ಛತ್ರಕ್ಕೆ ಫೋನ್ ಮಾಡಿ ದಿನ ಖಾತ್ರಿಪಡಿಸಿಕೊಂಡು ಉತ್ತರಿಸಿ. 1999ರಲ್ಲಿ ನಿಕ್ ಸ್ವಿನ್‌ಮರ್ನ್ ಅಂಗಡಿಗಳ ಚಪ್ಪಲಿ-ಬೂಟುಗಳ ಫೋಟೊ ತೆಗೆದು ಅಂತರ್ಜಾಲದಲ್ಲಿ ಹಾಕಿ, ಆರ್ಡರ್ ಬಂದ ಮೇಲೆ ಅಂಗಡಿಯಿಂದ ಕೊಂಡು ಕಳುಹಿಸುತ್ತಿದ್ದರು. ಮುಂದೆ ಜಾಪೋಸ್ ಎಂಬ ಆನ್‌ಲೈನ್ ಬೂಟಿನಂಗಡಿ ಆದದ್ದು ಅದೇ. ಲಾಭದ ಪ್ರಶ್ನೆ ಆಗ ಇರಲಿಲ್ಲ, ಜನ ಹಾಕಿ ನೋಡದೆ ಬೂಟು ಕೊಳ್ಳುತ್ತಾರೆಯೇ ಎಂಬುದಷ್ಟೇ ತಿಳಿಯಬೇಕಿತ್ತು. ನೀವು ತಿಳಿಯಬೇಕಾದದ್ದು ಎರಡು: ಹೆಣ್ಣಿನ ಮನೆಯವರೋ ಗಂಡಿನ ಮನೆಯವರೋ ಛತ್ರವನ್ನು ಕಣ್ಣಾರೆ ನೋಡುವ ಮೊದಲೇ ಸಣ್ಣದೊಂದು ಮೊತ್ತವನ್ನಾದರೂ ಕಟ್ಟುತ್ತಾರೆಯೇ, ಮತ್ತು ನೀವು ಕರೆತಂದ ಗಿರಾಕಿಗಾಗಿ ಛತ್ರದವರು ಕಮಿಷನ್ ಬಿಚ್ಚುತ್ತಾರೆಯೇ. ಎರಡನೆಯದಕ್ಕೆ ಇಲ್ಲವೆಂಬ ಉತ್ತರ ಬಂದರೆ ಆ್ಯಪ್ ಎಷ್ಟು ಸುಂದರವಾಗಿದ್ದರೂ ವ್ಯಾಪಾರ ಉಳಿಯುವುದಿಲ್ಲ. ನನ್ನ ಅಂದಾಜಿನಲ್ಲಿ ಮೊದಲನೆಯದೇ ಹೆಚ್ಚು ಕಷ್ಟ.

ನಿಮ್ಮ ವ್ಯಾಪಾರಕ್ಕೇ ವಿಶೇಷವಾದ ಇನ್ನೊಂದು ತೊಂದರೆಯಿದೆ. ಊಟ ತರಿಸುವ ಆ್ಯಪಿಗೆ ಗ್ರಾಹಕ ವಾರದಲ್ಲೇ ಮರಳಿ ಬರಬಹುದು. ಛತ್ರ ಹುಡುಕುವ ಕುಟುಂಬ ಒಮ್ಮೆ ಬಂದು ಹೋದರೆ ಮತ್ತೆ ಬರಲು ವರ್ಷಗಳೇ ಬೇಕು. ಆದ್ದರಿಂದ ಮುಗಿದ ಮದುವೆಗಳನ್ನು ಎಣಿಸುತ್ತ ಕುಳಿತರೆ ಪಾಠ ಕಲಿಯುವ ಹೊತ್ತಿಗೆ ಕೈಯಲ್ಲಿರುವ ಹಣ ಕರಗಿರುತ್ತದೆ. ವಿಚಾರಿಸಿದವರಲ್ಲಿ ಎಷ್ಟು ಮಂದಿ ಛತ್ರ ನೋಡಲು ಹೋದರು, ಹೋದವರಲ್ಲಿ ಎಷ್ಟು ಮಂದಿ ಅಡ್ವಾನ್ಸ್ ಕೊಟ್ಟರು ಎಂಬುದನ್ನು ವಾರವಾರವೂ ಬರೆದಿಡಿ; ಒಂದು ವಾರ ಬಾಡಿಗೆಯನ್ನು ಮುಂದಾಗಿ ತೋರಿಸಿ, ಇನ್ನೊಂದು ವಾರ ಖಾಲಿ ದಿನಗಳನ್ನು ತೋರಿಸಿ, ಆ ಸಂಖ್ಯೆ ಹೇಗೆ ಬದಲಾಗುತ್ತದೆ ಎಂದು ಗಮನಿಸಿ. ಆಷಾಢದಲ್ಲೂ ಧನುರ್ಮಾಸದಲ್ಲೂ ಮದುವೆಗಳು ವಿರಳವಾದ್ದರಿಂದ ಮ್ಯಾನೇಜರುಗಳಿಗೆ ಬಿಡುವಿರುತ್ತದೆ. ಡೈರಿ ನೋಡುವ ಕೆಲಸವನ್ನು ಆ ದಿನಗಳಿಗೆ ಇಟ್ಟುಕೊಳ್ಳಿ. ಫೋನ್ ಮಾಡಿ ದಿನ ಖಾತ್ರಿಪಡಿಸುವ ಕೆಲಸ ನಿಮ್ಮೆಲ್ಲರ ಕೈ ಮೀರಿದಾಗ, ಮೊದಲು ಆ ಒಂದು ಭಾಗಕ್ಕೆ ಮಾತ್ರ ಕೋಡ್ ಬರೆಯಿರಿ.