ವಿಜ್ಞಾನಿಗಳ ಮಾತು ಸುದ್ದಿಯಾಗುವಾಗ ಏನಾಗುತ್ತದೆ?

ಕೋವಿಡ್ ಟೈಮಲ್ಲಿ ವಿಜ್ಞಾನಿಗಳು ದಿನಕ್ಕೊಂದು ಮಾತಾಡಿದರಲ್ಲ, ಅದರಲ್ಲಿ ಪತ್ರಕರ್ತರ ಕೈವಾಡ ಎಷ್ಟು ಅಂತ ಕೇಳಿದ್ದೀರಿ. ನಾನು ಕೆಲವು ವರ್ಷ ಪತ್ರಿಕೆಯಲ್ಲಿ ವರದಿಗಳನ್ನು ತಿದ್ದಿ ಪುಟಕ್ಕೆ ಹೊಂದಿಸುವ ಡೆಸ್ಕ್‌ನಲ್ಲಿದ್ದವನು. ಕೈವಾಡ ಅನ್ನೋದು ಸ್ವಲ್ಪ ಜಾಸ್ತಿಯಾಯ್ತು. ಅಲ್ಲಿ ನಡೆಯೋದು ಹೆಚ್ಚಾಗಿ ಕತ್ತರಿ ಕೆಲಸ.

2021ರ ಮೇ 5. ಬೆಂಗಳೂರಲ್ಲಿ ಬೆಡ್ಡು, ಆಕ್ಸಿಜನ್ನು ಸಿಗದೆ ಜನ ಪರದಾಡುತ್ತಿದ್ದ ದಿನಗಳು. ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರಾಗಿದ್ದ ಕೆ. ವಿಜಯರಾಘವನ್ ದೆಹಲಿಯ ಸುದ್ದಿಗೋಷ್ಠಿಯಲ್ಲಿ ಮಾತಾಡಿದರು. ವೈರಸ್ ಇಷ್ಟೊಂದು ಹರಡಿರುವಾಗ ಮೂರನೇ ಅಲೆ ತಪ್ಪಿದ್ದಲ್ಲ, ಯಾವಾಗ ಬರುತ್ತದೆ ಅನ್ನೋದು ಗೊತ್ತಿಲ್ಲ, ತಯಾರಾಗಿರಬೇಕು ಅನ್ನೋದು ಅವರ ಮಾತಿನ ಸಾರ. ಹೆಡ್‌ಲೈನಿಗೆ ಹತ್ತಿದ್ದು ‘ತಪ್ಪಿದ್ದಲ್ಲ’ ಅನ್ನೋದಷ್ಟೇ. ಮೇ 7ಕ್ಕೆ ಅವರೇ, ಬಿಗಿ ಕ್ರಮ ತಗೊಂಡರೆ ಅದು ಎಲ್ಲಾ ಕಡೆ ಬರಲಿಕ್ಕಿಲ್ಲ, ಎಲ್ಲೂ ಬಾರದೆಯೂ ಇರಬಹುದು ಅಂದರು. ಓದುವವರಿಗೆ ಕಂಡಿದ್ದು ಎರಡೇ ದಿನದಲ್ಲಿ ಉಲ್ಟಾ ಹೊಡೆದ ವಿಜ್ಞಾನಿ! (ಮೂರನೇ ಅಲೆ ಬಂದಿದ್ದಂತೂ ನಿಜ, 2022ರ ಜನವರಿಯಲ್ಲಿ, ಒಮೈಕ್ರಾನ್ ಜೊತೆ.)

ಪೂರ್ತಿ ತಪ್ಪು ಪತ್ರಕರ್ತರದ್ದೇ ಅಂತ ನಾನು ಹೇಳಲ್ಲ. ಮೊದಲ ದಿನ ಅಷ್ಟು ಖಡಾಖಂಡಿತವಾಗಿ ಹೇಳಿದ್ದು ಅವರೇ ತಾನೇ? ಆದರೆ ಡೆಸ್ಕಿನ ರೀತಿಯೂ ಹಾಗೇ ಇದೆ. ವರದಿಗಾರ ಗಟ್ಟಿ ಮಾತನ್ನು ಮೊದಲ ಪ್ಯಾರಾಕ್ಕೆ ಹಾಕುತ್ತಾನೆ. ‘ಆದರೆ’, ‘ಒಂದು ವೇಳೆ’ಗಳೆಲ್ಲ ಕೊನೆಗೆ ಹೋಗುತ್ತವೆ. ರಾತ್ರಿ ಜಾಹೀರಾತು ಬಂದು ಜಾಗ ಕಮ್ಮಿಯಾದರೆ ಸಬ್ ಎಡಿಟರ್ ಕತ್ತರಿಸೋದು ಕೆಳಗಿನಿಂದ. ಹಾರೋದು ಅವೇ. ಟಿವಿಯಲ್ಲಿ ಕತ್ತರಿಸೋಕೂ ಪುರುಸೊತ್ತಿಲ್ಲ, ನಾಲ್ಕೇ ಪದದ ಬ್ರೇಕಿಂಗ್ ನ್ಯೂಸ್.

ಇನ್ನೊಂದು, 2018ರಲ್ಲಿ ಕೇರಳದ ಕೋಝಿಕ್ಕೋಡ್ ಜಿಲ್ಲೆಯಲ್ಲಿ ಕಾಣಿಸಿಕೊಂಡ ನಿಪಾ ವೈರಸ್ ಕಾಯಿಲೆ. ಮೊದಲು ಪರೀಕ್ಷೆಗೆ ಹೋದ ಬಾವಲಿಗಳ ಸ್ಯಾಂಪಲ್ಲಿನಲ್ಲಿ ವೈರಸ್ ಇಲ್ಲ ಅಂತ ಭೋಪಾಲದ ಲ್ಯಾಬ್ ಹೇಳಿತು. ಅದು ‘ನಿಪಾಗೆ ಬಾವಲಿ ಕಾರಣವಲ್ಲ’ ಅಂತ ಸುದ್ದಿಯಾಯ್ತು. ಆ ಸಲ ಪರೀಕ್ಷಿಸಿದ್ದು ಹುಳು ತಿನ್ನುವ ಬಾವಲಿಗಳನ್ನು. ಆಮೇಲೆ ಹಣ್ಣು ತಿನ್ನುವ ಬಾವಲಿಗಳಲ್ಲಿ ವೈರಸ್ ಸಿಕ್ಕಿತು. ಲ್ಯಾಬ್ ಹೇಳಿದ್ದರಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ, ನೋಡಿ.

ಹೆಡ್‌ಲೈನ್ ನೋಡಿ ಗಾಬರಿಯಾದಾಗ ನಾನು ಆ ಸುದ್ದಿಗೋಷ್ಠಿಯ ವಿಡಿಯೊ ಹುಡುಕುತ್ತೇನೆ. ಕೇಂದ್ರ ಸರ್ಕಾರದವು ಅದರ ಸುದ್ದಿ ಸಂಸ್ಥೆಯಾದ ಪಿಐಬಿಯ ಯೂಟ್ಯೂಬ್ ಚಾನೆಲ್‌ನಲ್ಲಿ ಸಿಗುತ್ತವೆ. ಉತ್ತರ ಬಿಡಿ, ಮೊದಲು ಕೇಳಿದ ಪ್ರಶ್ನೆ ಏನಿತ್ತು ನೋಡಿ. ‘ಅಲೆ ಬರೋದೇ ಇಲ್ಲ ಅಂತ ಹೇಳೋಕಾಗುತ್ತಾ ಸರ್?’ ಅಂತ ಕೇಳಿದರೆ ಯಾವ ವಿಜ್ಞಾನಿ ತಾನೇ ‘ಹೌದು’ ಅಂತಾರೆ?