ರಬ್ಬರ್ ಬ್ಯಾಂಡ್ ಬಿಚ್ಚೋ ಮುಂಚೆ ಇದನ್ನ ಓದಿ

ಅಟ್ಲಾಂಟಾದಲ್ಲಿ ಕಪ್ಪು ಜನರ ಚರ್ಚಿನ ಹಳೇ ಫೋಟೋ ಡಿಜಿಟೈಸ್ ಮಾಡ್ಕೊಡೋಕೆ ಒಪ್ಕೊಂಡಿದೀರಿ, ಯಾವ ಸ್ಕ್ಯಾನರ್ ತಗೊಳ್ಲಿ, ಒರಿಜಿನಲ್‌ಗಳನ್ನ ನ್ಯೂಯಾರ್ಕಿನ ಶೋಂಬರ್ಗ್ ಸೆಂಟರಿಗೆ, ಅಂದ್ರೆ ಕಪ್ಪು ಜನರ ಇತಿಹಾಸ ಕೂಡಿಡೋ ಲೈಬ್ರರಿಗೆ, ಕಳಿಸ್ಲಾ ಅಂತ ಕೇಳಿದೀರಿ. ಸ್ಕ್ಯಾನರ್ ವಿಷಯ ಬಿಡಿ. ಹತ್ತು ವರ್ಷದ ಹಿಂದೆ ಇದೇ ಜಾರ್ಜಿಯಾ ರಾಜ್ಯದಲ್ಲಿ ನಾನೂ ಹೀಗೇ ಒಪ್ಕೊಂಡಿದ್ದೆ.

ಚರ್ಚಿನ ಅಜ್ಜಿ ಒಬ್ರು ನಾಲ್ಕು ಶೂ ಡಬ್ಬ ತಂದ್ಕೊಟ್ರು. ತುಂಬಾ ಫ್ಯುನೆರಲ್ ಪ್ರೋಗ್ರಾಂಗಳು, ಅಂದ್ರೆ ಯಾರಾದ್ರೂ ತೀರ್ಕೊಂಡಾಗ ಚರ್ಚಲ್ಲಿ ಹಂಚೋ ಪುಟ್ಟ ಪುಸ್ತಿಕೆ, ಹುಟ್ಟಿದ್ದೆಲ್ಲಿ, ಅಪ್ಪ ಅಮ್ಮ ಯಾರು, ಎಲ್ಲಿ ಕೆಲಸ ಮಾಡ್ತಿದ್ರು, ಯಾರ್ಯಾರನ್ನ ಬಿಟ್ಟು ಹೋದ್ರು ಎಲ್ಲಾ ಅದ್ರಲ್ಲಿರುತ್ತೆ. ಒಂದೊಂದು ಪುಸ್ತಿಕೆ ಜೊತೆ ಆ ಮನೆಯವ್ರ ಫೋಟೋ ಸೇರ್ಸಿ ರಬ್ಬರ್ ಬ್ಯಾಂಡ್ ಹಾಕಿದ್ರು. ನಾನು ಕೆಲಸ ಬೇಗ ಆಗ್ಲಿ ಅಂತ ಬ್ಯಾಂಡೆಲ್ಲಾ ಬಿಚ್ಚಿ ಪುಸ್ತಿಕೆ ಒಂದ್ಕಡೆ, ಫೋಟೋ ಒಂದ್ಕಡೆ, ಅದ್ರಲ್ಲೂ ಸೈಜ್ ಪ್ರಕಾರ ಜೋಡಿಸ್ಬಿಟ್ಟೆ. ಫೋಟೋ ಹಿಂದೆ ಹೆಸರಿರ್ಲಿಲ್ಲ, ಹೆಸರಿದ್ದಿದ್ದು ಪುಸ್ತಿಕೇಲಿ, ಯಾವ ಮುಖ ಯಾವ ಮನೇದು ಅಂತ ಹೇಳ್ತಿದ್ದಿದ್ದು ಆ ರಬ್ಬರ್ ಬ್ಯಾಂಡ್ ಒಂದೇ. ಅಜ್ಜಿಯ ಕ್ಯಾಟಲಾಗೇ ಅದು, ನಾನು ಅದನ್ನ ಕಸದ ಬುಟ್ಟಿಗೆ ಹಾಕ್ದೆ. ಬಿಚ್ಚೋ ಮುಂಚೆ ಪ್ರತಿ ಕಟ್ಟಿಂದು ಮೊಬೈಲಲ್ಲಿ ಒಂದು ಫೋಟೋ ತೆಗ್ದಿದ್ರೂ ಸಾಕಿತ್ತು, ಕಟ್ಟಿಗೊಂದು ನಂಬರ್ ಕೊಟ್ಟು ಹಿಂದೆ ಪೆನ್ಸಿಲಲ್ಲಿ ಬರ್ದಿದ್ರೂ ಸಾಕಿತ್ತು, ಎರಡೂ ಮಾಡ್ಲಿಲ್ಲ. ಅಜ್ಜೀನ ಕೂರಿಸ್ಕೊಂಡು ಮತ್ತೆ ಜೋಡಿಸೋಣ ಅನ್ನೋಷ್ಟ್ರಲ್ಲಿ ಅವ್ರೇ ತೀರ್ಕೊಂಡ್ರು. ಇನ್ನೂರಕ್ಕೂ ಹೆಚ್ಚು ಮುಖ ಹೆಸರಿಲ್ದೆ ಉಳ್ಕೊಂಡ್ವು.

ಹೆಸರು ಹೋಗೋದು ಅಮೆರಿಕದ ಕಪ್ಪು ಜನರಿಗೆ ಸಣ್ಣ ನಷ್ಟ ಅಲ್ಲ. 1850, 1860ರ ಅಲ್ಲಿನ ಜನಗಣತಿಯ ಗುಲಾಮರ ಪಟ್ಟೀಲಿ ಸಾಮಾನ್ಯವಾಗಿ ಮಾಲೀಕನ ಹೆಸರಿನ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ, ಅಷ್ಟೇ. ಬಿಡುಗಡೆ ಆದ್ಮೇಲೆ ಎಲ್ಲರ ಹೆಸರೂ ಬರೆದ ಮೊದಲ ಗಣತಿ 1870ರದ್ದು. ವಂಶ ಹುಡುಕೋರು ಇಂಥ ಪುಸ್ತಿಕೆಯಿಂದ ಶುರು ಮಾಡಿ ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಿ ಅಲ್ಲಿಗೆ ಮುಟ್ಬೇಕು.

ಶೋಂಬರ್ಗ್‌ಗೆ ಕಳಿಸೋದು ನಂಗೆ ಸರಿ ಕಾಣಲ್ಲ. ದೊಡ್ಡ ಜಾಗ ಹೌದು, ಆರ್ಟುರೋ ಶೋಂಬರ್ಗ್ ಒಬ್ರೇ ಕೂಡಿಟ್ಟಿದ್ದನ್ನ 1926ರಲ್ಲಿ ಕಾರ್ನೆಗಿ ಅನ್ನೋ ದತ್ತಿ ಸಂಸ್ಥೆಯ ದುಡ್ಡು 10,000 ಡಾಲರ್ ಕೊಟ್ಟು ನ್ಯೂಯಾರ್ಕಿನ ಹಾರ್ಲೆಂ ಬಡಾವಣೆಯ ಲೈಬ್ರರಿಗೆ ಕೊಂಡ್ರು. ಆದ್ರೆ ನಿಮ್ಮೂರಲ್ಲೇ ಆಬರ್ನ್ ಅವೆನ್ಯೂ ರಿಸರ್ಚ್ ಲೈಬ್ರರಿ ಇದೆ, ಅದೂ ಕಪ್ಪು ಜನರ ಇತಿಹಾಸದ್ದೇ, ಅಲ್ಲಿ ಫ್ಯುನೆರಲ್ ಪ್ರೋಗ್ರಾಂಗಳ ಸಂಗ್ರಹಾನೇ ಇದೆ, ಮೊಮ್ಮಕ್ಕಳು ಬಸ್ ಹತ್ತಿ ಹೋಗಿ ನೋಡ್ಬಹುದು. ಅದಕ್ಕೂ ಕೊಡ್ಬೇಕೋ ಬೇಡ್ವೋ ಚರ್ಚಿನವ್ರೇ ಹೇಳ್ಲಿ, ನೀವು ತೀರ್ಮಾನ ಮಾಡ್ಬೇಡಿ.

ಈ ಭಾನುವಾರ ಪ್ರಾರ್ಥನೆ ಮುಗಿದ್ಮೇಲೆ ಒಂದೇ ಒಂದು ಕಟ್ಟು ತಗೊಂಡು ಅಲ್ಲಿರೋ ತೀರಾ ವಯಸ್ಸಾದವ್ರ ಪಕ್ಕ ಕೂತ್ಕೊಳ್ಳಿ, ಅವ್ರ ಒಪ್ಪಿಗೆ ಕೇಳಿ ರೆಕಾರ್ಡಿಂಗ್ ಆನ್ ಮಾಡಿ, ಒಂದೊಂದೇ ಮುಖ ತೋರ್ಸಿ. ಸ್ಕ್ಯಾನರ್ ಮುಂದಿನ ತಿಂಗಳು ತಗೊಂಡ್ರಾಯ್ತು.