ಕೆರೆ-ದಡ ಆಡುತ್ತಾ ಜರ್ಮನ್ ಬರುತ್ತಾ?

ಪ್ರಶ್ನೆ: ಪತಿಗೆ ಮ್ಯೂನಿಕ್‌ನಲ್ಲಿ ಕೆಲಸ ಸಿಕ್ಕಿದೆ. ಆರು ತಿಂಗಳಲ್ಲಿ ನಾವೂ ಹೊರಡುತ್ತೇವೆ. ಐದು ವರ್ಷದ ಮಗಳಿಗೆ ಓಡುವ, ಕುಣಿಯುವ ಆಟಗಳಲ್ಲೇ ಜರ್ಮನ್ ಹೇಳಿಕೊಡುತ್ತಿದ್ದೇನೆ. ಹೇಳಿದಂತೆ ಮಾಡುತ್ತಾಳೆ, ಆದರೆ ಒಂದೂವರೆ ತಿಂಗಳಾದರೂ ಒಂದು ಪದ ಬಾಯಿ ಬಿಟ್ಟಿಲ್ಲ. "ಇದು ಪಾಠಾನಾ, ಗಲಾಟೆನಾ?" ಅಂತಾರೆ ಅತ್ತೆ. ಪುಸ್ತಕ ಹಿಡಿಸಲಾ?
– ಓದುಗರು, ಮೈಸೂರು

ಉತ್ತರ: ಪುಸ್ತಕ ಸದ್ಯಕ್ಕೆ ಬೇಡ. ಮಗಳಿಗೆ ಕನ್ನಡ ಬಂದದ್ದು ಹೇಗೆ, ನೆನಪಿದೆಯಲ್ವಾ? "ಬಾ", "ಚೆಂಡು ತಾ", "ಅಜ್ಜಿಗೆ ಟಾಟಾ ಮಾಡು" ಅಂದರೆ ಮಾಡುತ್ತಿದ್ದಳು. ಮಾತು ಬಂದದ್ದು ಎಷ್ಟೋ ತಿಂಗಳ ಮೇಲೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ 1960ರ ದಶಕದಲ್ಲಿ ಇದನ್ನೇ ಹಿಡಿದು ಒಂದು ವಿಧಾನ ಕಟ್ಟಿದರು. ಕಲಿಸುವವರು ಹೇಳುತ್ತಾರೆ, ಕಲಿಯುವವರು ಮಾಡಿ ತೋರಿಸುತ್ತಾರೆ. ಮಾತಾಡು ಅಂತ ಒತ್ತಾಯ ಇಲ್ಲ. ಟೋಟಲ್ ಫಿಸಿಕಲ್ ರೆಸ್ಪಾನ್ಸ್ ಅಂತ ಅದಕ್ಕೆ ಹೆಸರು. ನೀವು ಹೆಸರು ಗೊತ್ತಿಲ್ಲದೆಯೇ ಅದನ್ನು ಮಾಡುತ್ತಿದ್ದೀರಿ.

ನನಗಿರುವ ಅನುಮಾನ ಬೇರೆ. ಅವಳು ಕೇಳಿ ಕುಣಿಯುತ್ತಿದ್ದಾಳಾ, ನಿಮ್ಮನ್ನು ನೋಡಿ ಕುಣಿಯುತ್ತಿದ್ದಾಳಾ?

ನಮ್ಮ ಕೆರೆ-ದಡ ಆಡಿ ನೋಡಿ. ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಕೆರೆಗೆ "ವಾಸರ್", ಅಂದರೆ ನೀರು. ದಡಕ್ಕೆ "ಲಾಂಟ್", ಅಂದರೆ ನೆಲ. (ಬರೆಯುವಾಗ ಕೊನೆಯಲ್ಲಿ ಡಿ ಇದೆ, ಬಾಯಲ್ಲಿ ಟ್ ಆಗುತ್ತೆ. ರೆಕಾರ್ಡಿಂಗ್ ಕೇಳಿಕೊಂಡೇ ಶುರು ಮಾಡಿ.) ಮೊದಲು ನೀವೂ ಜೊತೆಗೆ ಹಾರಿ. ನಾಲ್ಕೈದು ಸುತ್ತು ಆದಮೇಲೆ ಕೈಕಟ್ಟಿ ನಿಂತು ಸುಮ್ನೆ ಹೇಳಿ. ಗೆರೆ ಕಡೆ ಕಣ್ಣೂ ಹೋಗಬಾರದು, ಮಕ್ಕಳು ಅದನ್ನೂ ಓದಿಬಿಡುತ್ತಾರೆ. ವಾಸರ್, ಲಾಂಟ್, ವಾಸರ್, ಲಾಂಟ್ ಅಂತ ಸರದಿಯಲ್ಲಿ ಹೇಳಿದರೆ ಪದ ಯಾರೂ ಕೇಳಲ್ಲ, ತಾಳಕ್ಕೆ ಹಾರುತ್ತಾರೆ. ನಡುವೆ "ವಾಸರ್, ವಾಸರ್" ಅಂತ ಮೋಸ ಮಾಡಿ. ಅವಳು ಅಲ್ಲೇ ನಿಂತರೆ ಪದ ಕಿವಿಗೆ ಬಿದ್ದಿದೆ ಅಂತ ಲೆಕ್ಕ.

ಆಮೇಲೆ ಬಾಯಿ ಬಿಡಿಸುವ ಕೆಲಸ. "ಏನು ಹೇಳು" ಅಂತ ಕೇಳಲೇಬೇಡಿ. ಅವಳನ್ನೇ ಟೀಚರ್ ಮಾಡಿ. ಹೇಳೋದು ಅವಳು, ಹಾರೋದು ನೀವು. ಆಗಲೂ ಸುಮ್ಮನಿದ್ದರೆ ಅತ್ತೆಯವರು ಕೂತಲ್ಲಿಂದಲೇ "ಲಾಂಟ್" ಅನ್ನಲಿ, ನೀವು ಬೇಕಂತಲೇ ಕೆರೆಗೆ ಹಾರಿ. ಅಮ್ಮ ತಪ್ಪಿದ್ದನ್ನು ಕೂಗಿ ಹೇಳದೆ ಇರುವ ಐದು ವರ್ಷದ ಮಗುವನ್ನು ನಾನಂತೂ ನೋಡಿಲ್ಲ.

ದಿನಕ್ಕೆ ಹತ್ತು ನಿಮಿಷ, ಎರಡು ಮೂರು ಹೊಸ ಪದ ಸಾಕು. ಜಾಸ್ತಿ ತುಂಬಬೇಡಿ. "ಶ್ಪ್ರಿಂಗ್" (ನೆಗೆ), "ಲೌಫ್" (ಓಡು), "ಹಾಲ್ಟ್" (ನಿಲ್ಲು) ಒಂದೊಂದಾಗಿ ಸೇರಿಸಿ. ಅಲ್ಲಿನ ಮಕ್ಕಳದೇ ಒಂದು ಆಟ ಇದೆ. "ಎಲ್ಲ ಹಕ್ಕಿಗಳು ಮೇಲೆ ಹಾರುತ್ತವೆ" ಅಂತ ಶುರುಮಾಡಿ ಒಂದೊಂದೇ ಪ್ರಾಣಿಯ ಹೆಸರು ಹೇಳುತ್ತಾರೆ. ಹಾರುವಂಥದ್ದಾದರೆ ಮಾತ್ರ ಕೈ ಎತ್ತಬೇಕು. ಆನೆಗೆ ಎತ್ತಿದರೆ ಔಟ್. ಇದನ್ನು ಕಲಿತು ಹೋದರೆ ಭಾಷೆ ಅರ್ಧಂಬರ್ಧ ಇದ್ದರೂ ಮೊದಲ ವಾರವೇ ಆಟಕ್ಕೆ ಸೇರಬಹುದು.

ಆದರೆ ಬಾ, ಹೋಗು, ನೆಗೆಗಳಲ್ಲಿ ಎಲ್ಲ ಮಾತೂ ಬರಲ್ಲ. ತನಗೇನು ಬೇಕು ಅಂತ ಹೇಳೋದು ಅದರಲ್ಲಿಲ್ಲ. ಹೊರಡುವ ಮುಂಚೆ ಒಂದು ವಾಕ್ಯವನ್ನಾದರೂ ಇಡಿಯಾಗಿ ಕಲಿಸಿ: "ಇಶ್ ಮುಸ್ ಮಾಲ್". ಒಂದಕ್ಕೆ ಹೋಗಬೇಕು ಅನ್ನಲು ಅಲ್ಲಿನ ಮಕ್ಕಳು ಹೇಳೋದು ಹೀಗೇ. ಇದನ್ನೂ ಆಟವಾಗಿಯೇ ಆಡಿ: ಕೂಗುತ್ತಾ ಬಚ್ಚಲಮನೆ ಬಾಗಿಲಿಗೆ ಓಡೋದು, ಮೊದಲು ಮುಟ್ಟಿದವರು ಗೆದ್ದ ಹಾಗೆ.